ಎಒಸಿ: ಟೆಂಡರ್ ಯಾರಿಗಾಯಿತು, ಎಷ್ಟಕ್ಕಾಯಿತು

ಟೆಂಡರ್ ಕರೆಯುವ ಪ್ರಕಟಣೆಯನ್ನು ಗುತ್ತಿಗೆದಾರರೆಲ್ಲ ಓದುತ್ತಾರೆ. ಆ ಕಾಮಗಾರಿ ಕೊನೆಗೆ ಯಾರ ಪಾಲಾಯಿತು, ಎಷ್ಟು ಮೊತ್ತಕ್ಕೆ ಎಂದು ತಿಳಿಸುವ ಪ್ರಕಟಣೆಯನ್ನು ಗೆದ್ದವನೂ ಸರಿಯಾಗಿ ಓದುವುದಿಲ್ಲ. ಗುತ್ತಿಗೆ ನೀಡಿಕೆಯ ಈ ಪ್ರಕಟಣೆಗೆ ಟೆಂಡರ್ ವಲಯದಲ್ಲಿ ಎಒಸಿ, ಅಂದರೆ ಅವಾರ್ಡ್ ಆಫ್ ಕಾಂಟ್ರಾಕ್ಟ್ ಎನ್ನುತ್ತಾರೆ. ಕೇಂದ್ರದ ಇ-ಪ್ರೊಕ್ಯೂರ್ ಜಾಲತಾಣದ ಟೆಂಡರ್ ಫಲಿತಾಂಶ ವಿಭಾಗದಲ್ಲಿ ಇದು ಸಿಗುತ್ತದೆ. ಬಂದ ಬಿಡ್‌ಗಳೆಷ್ಟು, ಆಯ್ಕೆಯಾದವರು ಯಾರು, ಗುತ್ತಿಗೆಯ ಮೊತ್ತ, ದಿನಾಂಕ, ಮುಗಿಸಬೇಕಾದ ಅವಧಿ: ಮಾರುಕಟ್ಟೆಯನ್ನು ಅಳೆಯಲು ಇಷ್ಟು ಸಾಮಗ್ರಿ ದುಡ್ಡಿಲ್ಲದೆ ಬೇರೆಲ್ಲಿ ಸಿಕ್ಕೀತು?

ಶಾಲಾ ಡೆಸ್ಕ್ ತಯಾರಿಸುವ ಸಣ್ಣ ಕಾರ್ಖಾನೆಯೊಂದು ಸರ್ಕಾರಿ ಸರಬರಾಜಿಗೆ ಇಳಿಯಬೇಕೆಂದಿದೆ ಎಂದುಕೊಳ್ಳಿ. ಹಳೆಯ ಟೆಂಡರ್ ಒಂದರ ಅಂದಾಜು ಮೊತ್ತ 40 ಲಕ್ಷ. ಎಲ್1, ಅಂದರೆ ಎಲ್ಲರಿಗಿಂತ ಕಡಿಮೆ ದರ ನಮೂದಿಸಿದವನ ದರ 31 ಲಕ್ಷ. ಅಂದಾಜಿಗಿಂತ ಶೇ 22.5ರಷ್ಟು ಕಡಿಮೆ. ಇಷ್ಟನ್ನೇ ನೋಡಿ ಕೈಬಿಡಬಾರದು. ಆರ್ಥಿಕ ಬಿಡ್ ತೆರೆದಾಗಿನ ತುಲನಾ ಪಟ್ಟಿ ಸಿಕ್ಕರೆ ಸೋತವರ ದರ ನೋಡಬೇಕು, ನನ್ನ ಮಟ್ಟಿಗೆ ಅಸಲು ಮಾಹಿತಿ ಇರುವುದೇ ಅಲ್ಲಿ. ಅವನ ನಂತರದ ಕಡಿಮೆ ದರ, ಅಂದರೆ ಎಲ್2, 31.6 ಲಕ್ಷ, ಉಳಿದಿಬ್ಬರದು 38 ಮತ್ತು 39.5 ಲಕ್ಷ ಎಂದಿದ್ದರೆ, ಕಬ್ಬಿಣವನ್ನೋ ಸಾಗಣೆಯನ್ನೋ ಅಗ್ಗದಲ್ಲಿ ಹೊಂದಿಸಿಕೊಳ್ಳಬಲ್ಲವರು ಇಬ್ಬರಿರಬಹುದು. ಎಲ್1 ಬಿಟ್ಟು ಮಿಕ್ಕವರೆಲ್ಲ 38ರ ಆಸುಪಾಸಿನಲ್ಲಿದ್ದರೆ, ಗೆದ್ದವನೇ ಲೆಕ್ಕ ತಪ್ಪಿರುವ ಸಾಧ್ಯತೆಯೂ ಇದೆ. ಒಂದೇ ಫಲಿತಾಂಶದಿಂದ ಇದನ್ನು ನಿರ್ಧರಿಸಲಾಗದು. ಅದೇ ಸಾಮಗ್ರಿಯ ನಾಲ್ಕಾರು ಫಲಿತಾಂಶಗಳನ್ನು ಪಕ್ಕಪಕ್ಕದಲ್ಲಿಟ್ಟಾಗಲೇ ಚಾಲ್ತಿಯಲ್ಲಿರುವ ದರ ಯಾವುದು, ಕಾಯಂ ಪೈಪೋಟಿದಾರರು ಯಾರು ಎಂಬುದು ತಿಳಿಯುತ್ತದೆ. ಒಂದೇ ಬಿಡ್ ಬಂದಿರುವ ಟೆಂಡರ್‌ಗಳನ್ನು ಬೇರೆಯಾಗಿ ಗುರುತು ಹಾಕಿಕೊಳ್ಳಿ. ಷರತ್ತುಗಳನ್ನು ಯಾರಿಗೋ ಹೊಂದುವಂತೆ ಬರೆದಿರಬಹುದು, ಇಲ್ಲವೇ ಆ ಇಲಾಖೆಯ ಬಿಲ್ ಬೇಗ ಕೈಗೆ ಬರುವುದಿಲ್ಲವೆಂದು ಉಳಿದವರು ದೂರ ಉಳಿದಿರಬಹುದು. ಇಎಂಡಿ, ಅಂದರೆ ಬಿಡ್ ಜೊತೆಗಿನ ಠೇವಣಿ, ಕಟ್ಟುವ ಮೊದಲೇ ಇದು ಗೊತ್ತಿರುವುದು ಒಳ್ಳೆಯದು.

ಕೆಲವು ಕಡೆ ದರವೇ ಏನನ್ನೂ ಹೇಳುವುದಿಲ್ಲ. ಹೊರಗುತ್ತಿಗೆ ಸಿಬ್ಬಂದಿಯ ಟೆಂಡರ್‌ಗಳಲ್ಲಿ ಕನಿಷ್ಠ ವೇತನ, ಪಿಎಫ್, ಇಎಸ್‌ಐ ಎಲ್ಲವೂ ಮೊದಲೇ ನಿಗದಿ. ಪೈಪೋಟಿ ನಡೆಯುವುದು ಸೇವಾ ಶುಲ್ಕದಲ್ಲಿ ಮಾತ್ರ. ಸರ್ಕಾರಿ ಖರೀದಿಯ ಜಾಲತಾಣವಾದ ಜೆಮ್ ಪೋರ್ಟಲ್‌ನಲ್ಲಿ ಈ ಶುಲ್ಕಕ್ಕೆ ಶೇ 3.85ರ ಕನಿಷ್ಠ ಮಿತಿ ಹಾಕಿದ್ದರಿಂದ ಬಿಡ್‌ದಾರರು ಗುಂಪಾಗಿ ಅದೇ ಅಂಕಿಯನ್ನು ನಮೂದಿಸಿ, ಎಲ್ಲರೂ ಎಲ್1 ಆಗಿ ಕೂರುತ್ತಾರೆ. ಅಲ್ಲಿ ಓದಬೇಕಾದದ್ದು ಅವಧಿಯನ್ನು: ಗುತ್ತಿಗೆ ಮುಗಿಯುವ ತಿಂಗಳು ಗೊತ್ತಾದರೆ ಮುಂದಿನ ಟೆಂಡರ್ ಸುಮಾರಾಗಿ ಯಾವಾಗ ಎಂದು ಗೊತ್ತಾದಂತೆ.

ಎಒಸಿ ಕಾಣಿಸದ ಭಾಗವೂ ದೊಡ್ಡದೇ. ಸಾರ್ವಜನಿಕ ಖರೀದಿಗೆ ಸಂಬಂಧಿಸಿದ ಕರ್ನಾಟಕದ 1999ರ ಪಾರದರ್ಶಕತೆ ಕಾಯ್ದೆ, ಎಲ್ಲರೂ ಕರೆಯುವಂತೆ ಕೆಟಿಪಿಪಿ, ತನ್ನ 4(ಜಿ) ಕಲಮಿನಲ್ಲಿ ಟೆಂಡರ್‌ನಿಂದ ವಿನಾಯಿತಿಗೆ ದಾರಿ ಬಿಟ್ಟಿದೆ. ಗ್ರಾಮೀಣ ಮೂಲಸೌಕರ್ಯ ಕಾಮಗಾರಿ ನಡೆಸುವ ಕೆಆರ್‌ಐಡಿಎಲ್‌ನಂಥ ಸರ್ಕಾರಿ ಸಂಸ್ಥೆಗಳಿಗೆ ಹೀಗೆ ನೇರವಾಗಿ ವಹಿಸಿದ ಕಾಮಗಾರಿಗಳು ಪೈಪೋಟಿಯ ಲೆಕ್ಕಕ್ಕೆ ಬರುವುದೇ ಇಲ್ಲ. ಎಒಸಿಗಳನ್ನಷ್ಟೇ ಕೂಡಿಸಿ ಒಂದು ಜಿಲ್ಲೆಯ ಮಾರುಕಟ್ಟೆ ಇಷ್ಟು ಕೋಟಿಯದು ಎಂದರೆ ಆ ಮೊತ್ತ ಅಪೂರ್ಣ. ಇನ್ನು, ಅಲ್ಲಿರುವುದು ಒಪ್ಪಂದದ ಮೊತ್ತ, ಪಾವತಿಯಾದ ಮೊತ್ತವಲ್ಲ. ಹೆಚ್ಚುವರಿ ಕಾಮಗಾರಿ ಸೇರಿ ಅದು ಏರಬಹುದು, ಅರ್ಧಕ್ಕೆ ನಿಂತು ಇಳಿಯಬಹುದು. ಅಂತಿಮ ಬಿಲ್ ಎಷ್ಟಾಯಿತೆಂದು ತಿಳಿಯಬೇಕಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬೇಕು; ಅರ್ಜಿಯಲ್ಲಿ ಎಒಸಿಯಲ್ಲಿರುವ ಟೆಂಡರ್ ಸಂಖ್ಯೆಯನ್ನೇ ನಮೂದಿಸಿದರೆ, ಯಾವ ಕಡತ ಎಂದು ಹುಡುಕುವ ನೆಪ ಕಚೇರಿಗೆ ಉಳಿಯುವುದಿಲ್ಲ.