ಓದುಗರ ಪ್ರಶ್ನೆ: ಹೊಸ ಮಾಡೆಲ್ ಬರ್ತದಂತೆ, ಕಾಯುವುದಾ?

ಪ್ರಶ್ನೆ: "ಮುಂದಿನ ತಿಂಗಳು ಹೊಸ ಫೋನ್ ಬರ್ತದಂತೆ. ನನ್ನದಕ್ಕೆ ನಾಲ್ಕು ವರ್ಷ ಆಯ್ತು. ಈಗಲೇ ತೆಗೊಳ್ಳುವುದಾ, ಕಾಯುವುದಾ? ಹೇಗೂ ಕಂಪನಿಯವರ ಹತ್ತಿರ ಎಲ್ಲ ರೆಡಿ ಉಂಟಂತೆ, ಬೇಕಂತಲೇ ಸ್ವಲ್ಪ ಸ್ವಲ್ಪ ಬಿಡುವುದಂತೆ. ಹಾಗಾದರೆ ಇನ್ನೂ ಎರಡು ವರ್ಷ ಕಾದರೆ ಒಳ್ಳೆಯದಲ್ವಾ?" (ಉಡುಪಿಯ ಓದುಗರು)

ಚೌತಿ ಹತ್ತಿರ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಮಂಗಳೂರಿನಿಂದ ಬರುತ್ತದೆ, ಕುಂದಾಪುರದಿಂದ ಬರುತ್ತದೆ, ಮಣಿಪಾಲದ ಹಾಸ್ಟೆಲ್‌ಗಳಿಂದ ಅಂತೂ ಇನ್ನೂ ಜಾಸ್ತಿ. ಉತ್ತರ ಪ್ರತಿ ವರ್ಷ ಅದೇ. ಹಾಗಾಗಿ ಮೊದಲು ಅದನ್ನು ಹೇಳಿ ಮುಗಿಸುತ್ತೇನೆ.

ಚಾರ್ಜರ್ ಪಿನ್ ಅಲ್ಲಾಡಿಸಿ ಹಿಡಿದರೆ ಮಾತ್ರ ಚಾರ್ಜ್ ಆಗುತ್ತದೆ, ಸ್ಕ್ರೀನಿನ ಅರ್ಧ ಮುಟ್ಟಿದರೆ ಕೇಳುವುದಿಲ್ಲ, ಯುಪಿಐ ತೆರೆಯುವಷ್ಟರಲ್ಲಿ ಬಸ್ಸಿನ ಕಂಡಕ್ಟರ್ ಮುಂದಿನ ಸೀಟಿಗೆ ಹೋಗಿರುತ್ತಾರೆ ಅಂದರೆ ಈಗಲೇ ತಗೊಳ್ಳಿ. ಬ್ಯಾಟರಿ ಮಾತ್ರ ಬೇಗ ಇಳಿಯುತ್ತಿದೆಯಾ? ಬ್ಯಾಟರಿ ಬದಲಾಯಿಸಿ, ಇನ್ನೂ ಒಂದೆರಡು ವರ್ಷ ನಡೆಯುತ್ತದೆ. ಸೆಕ್ಯುರಿಟಿ ಅಪ್‌ಡೇಟ್ ನಿಂತುಹೋಗಿದ್ದರೆ, ಅದೇ ಫೋನಿನಲ್ಲಿ ಬ್ಯಾಂಕಿನ ವ್ಯವಹಾರ ಇದ್ದರೆ, ದಯವಿಟ್ಟು ಬದಲಾಯಿಸಿ. ಇದ್ಯಾವುದೂ ಇಲ್ಲ, ಫೋನ್ ಚೆನ್ನಾಗಿಯೇ ಇದೆ ಅಂದರೆ ಒಂದು ತಿಂಗಳು ಕಾಯಿರಿ. ಹೊಸದಕ್ಕಾಗಿಯೇ ಕಾಯಬೇಕೆಂದಿಲ್ಲ, ಹೊಸದು ಬಂದಾಗ ಹಳೆಯದರ ಬೆಲೆ ಇಳಿಯುತ್ತದೆ. ಐಫೋನ್ 16 ನಮ್ಮಲ್ಲಿ 79,900 ರೂಪಾಯಿಗೆ ಬಂತು. 2025ರ ಸೆಪ್ಟೆಂಬರ್‌ನಲ್ಲಿ ಐಫೋನ್ 17 ಬಂದ ಕೂಡಲೇ ಅದೇ ಫೋನು 69,900 ಆಯ್ತು. ಫೋನ್ ಅದೇ, ಕ್ಯಾಮೆರಾ ಅದೇ, 10,000 ರೂಪಾಯಿ ಕಮ್ಮಿ.

ಪ್ರಶ್ನೆಗೆ ಉತ್ತರ ಇಷ್ಟೇ. ಆದರೆ ಪ್ರಶ್ನೆಯಲ್ಲಿ ಒಂದು ಮಾತು ಇದೆಯಲ್ಲ, "ಎಲ್ಲ ರೆಡಿ ಉಂಟಂತೆ, ಬೇಕಂತಲೇ ಸ್ವಲ್ಪ ಸ್ವಲ್ಪ ಬಿಡುವುದಂತೆ" ಅನ್ನುವುದು, ಅದನ್ನು ನಾನು ಸುಮ್ನೆ ಬಿಡುವವನಲ್ಲ. ಹಂಪನಕಟ್ಟೆಯ ಮೊಬೈಲ್ ಅಂಗಡಿಯಲ್ಲಿ ಇದನ್ನು ಕೇಳಿದ್ದೇನೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದೇನೆ, ಇಂಜಿನಿಯರಿಂಗ್ ಓದುವ ಮಕ್ಕಳ ಬಾಯಲ್ಲೂ ಕೇಳಿದ್ದೇನೆ. ಓದಿದವರು ಹೇಳಿದಾಗ ಬೇಜಾರು ಜಾಸ್ತಿ. ಹತ್ತು ವರ್ಷದ ಮುಂದಿನ ಫೋನು ಕಂಪನಿಯ ಕಪಾಟಿನಲ್ಲಿ ತಯಾರಾಗಿ ಕೂತಿದೆ, ವರ್ಷಕ್ಕೊಂದು ತುಂಡು ಮುರಿದು ನಮಗೆ ಕೊಡುತ್ತಾರೆ ಅನ್ನುವ ಈ ನಂಬಿಕೆ ತಪ್ಪು. ಯಾಕೆ ತಪ್ಪು ಅಂತ ಈ ಸಲ ಪೂರ್ತಿ ಹೇಳುತ್ತೇನೆ.

ಲ್ಯಾಬಿನಲ್ಲಿ ಒಂದು ಮಾದರಿ ಕೆಲಸ ಮಾಡುವುದಕ್ಕೂ, ಅದೇ ವಸ್ತು ಕೋಟಿಗಟ್ಟಲೆ ತಯಾರಾಗಿ ಜನರ ಜೇಬಿನಲ್ಲಿ ಬಾಳುವುದಕ್ಕೂ ಅಜಗಜಾಂತರ. ಮನೆಯಲ್ಲಿ ನಾಲ್ಕು ಜನರಿಗೆ ನೀರುದೋಸೆ ಎರೆಯುವುದು ಬೇರೆ, ಎರಡು ಸಾವಿರ ಜನರ ಊಟಕ್ಕೆ ಅದೇ ಹದದಲ್ಲಿ ಬಿಸಿಬಿಸಿ ಬಡಿಸುವುದು ಬೇರೆ ಅಲ್ವಾ? ಸ್ಯಾಮ್‌ಸಂಗ್‌ನ ಮಡಚುವ ಫೋನನ್ನೇ ನೋಡಿ. ಗ್ಯಾಲಕ್ಸಿ ಫೋಲ್ಡ್ ಅನ್ನು 2019ರ ಫೆಬ್ರವರಿಯಲ್ಲಿ ವೇದಿಕೆಯ ಮೇಲೆ ತೋರಿಸಿದರು, ಏಪ್ರಿಲ್‌ನಲ್ಲಿ ಮಾರಾಟಕ್ಕೆ ದಿನವನ್ನೂ ಇಟ್ಟರು. ಅಷ್ಟರಲ್ಲಿ ವಿಮರ್ಶೆಗೆ ಕೊಟ್ಟ ಫೋನ್‌ಗಳ ಸ್ಕ್ರೀನ್ ಕೆಲವೇ ದಿನದಲ್ಲಿ ಹಾಳಾಯಿತು. ಮೇಲಿದ್ದ ತೆಳು ಪದರವನ್ನು ಸ್ಕ್ರೀನ್ ಗಾರ್ಡ್ ಅಂದುಕೊಂಡು ಕೆಲವರು ಕಿತ್ತರು, ಮಡಚುವ ಜಾಗದ ಸಂದಿಯಿಂದ ಕಸ ಒಳಗೆ ಹೋಯಿತು. ಮಾರಾಟ ನಿಲ್ಲಿಸಿ, ಸರಿಪಡಿಸಿ, ಸೆಪ್ಟೆಂಬರ್‌ನಲ್ಲಿ ತಂದರು. ಬಚ್ಚಿಡುವ ಆಸೆ ಇದ್ದವರು ಹೀಗೆ ಅವಸರ ಮಾಡಿ ಊರೆಲ್ಲ ಮುಖಭಂಗ ಮಾಡಿಕೊಳ್ಳುತ್ತಾರಾ?

ಅದಕ್ಕಿಂತ ಮೂರು ವರ್ಷ ಹಿಂದಿನ ಕಥೆ ಬಜ್ಪೆಯಿಂದ ಗಲ್ಫ್‌ಗೆ ಹೋಗಿಬರುವವರಿಗೆ ನೆನಪಿರಬಹುದು. 2016ರಲ್ಲಿ ಗ್ಯಾಲಕ್ಸಿ ನೋಟ್ 7 ಬಂತು, ಕೆಲವು ಫೋನ್‌ಗಳು ಹೊತ್ತಿಕೊಂಡವು. ವಿಮಾನದಲ್ಲಿ ಅದನ್ನು ಆನ್ ಮಾಡಬೇಡಿ, ಚಾರ್ಜ್ ಮಾಡಬೇಡಿ ಎಂದು ನಮ್ಮ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಸೂಚನೆ ಹೊರಡಿಸಿತು. ವಾಪಸ್ ಪಡೆದು ಬದಲಿ ಕೊಟ್ಟ ಫೋನ್‌ಗಳೂ ಹೊತ್ತಿಕೊಂಡಾಗ ಆ ಮಾಡೆಲನ್ನೇ ನಿಲ್ಲಿಸಿದರು. ಬ್ಯಾಟರಿಯ ಒಳಗಿನ ವಿನ್ಯಾಸ ಮತ್ತು ತಯಾರಿಕೆಯ ದೋಷ ಅಂತ ಕಂಪನಿಯೇ 2017ರ ಜನವರಿಯಲ್ಲಿ ಒಪ್ಪಿಕೊಂಡಿತು. ಆಪಲ್ ಕೂಡ 2017ರಲ್ಲಿ ಏರ್‌ಪವರ್ ಎಂಬ ಚಾರ್ಜಿಂಗ್ ಮ್ಯಾಟ್ ತೋರಿಸಿ, ನಮ್ಮ ಗುಣಮಟ್ಟಕ್ಕೆ ಅದು ಮುಟ್ಟಲಿಲ್ಲ ಎಂದು 2019ರ ಮಾರ್ಚ್‌ನಲ್ಲಿ ಕೈಬಿಟ್ಟಿತು. 2024ರ ಜೂನ್‌ನಲ್ಲಿ ಐಫೋನಿನ ಮಾತಾಡುವ ಸಹಾಯಕ ಸಿರಿ ಇಷ್ಟು ಜಾಣ ಆಗುತ್ತದೆ, ಅಷ್ಟು ಜಾಣ ಆಗುತ್ತದೆ ಅಂತ ತೋರಿಸಿದ್ದನ್ನು 2025ರ ಮಾರ್ಚ್‌ನಲ್ಲಿ ಮುಂದಕ್ಕೆ ಹಾಕಿದರು. ಇಷ್ಟು ವರ್ಷದಲ್ಲಿ ನನಗೆ ಕಂಡದ್ದು ಇದು: ಕಂಪನಿಗಳ ದೋಷ ಇರುವುದು ಆಗದ್ದನ್ನು ಆಗುತ್ತದೆ ಅನ್ನುವುದರಲ್ಲಿ.

ಇನ್ನು ಬ್ಯಾಟರಿ. "ಒಂದು ವಾರ ಬರುವ ಬ್ಯಾಟರಿ ಅವರ ಹತ್ತಿರ ಉಂಟು, ಕೊಡುವುದಿಲ್ಲ" ಅನ್ನುವವರು ಇದನ್ನು ನಿಧಾನವಾಗಿ ಓದಬೇಕು. ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮೊದಲು ಮಾರುಕಟ್ಟೆಗೆ ತಂದದ್ದು ಸೋನಿ, 1991ರಲ್ಲಿ. ಇದರಲ್ಲಿ ಲಿಥಿಯಂ ಹೋಗಿ ಕೂರುವ ಒಂದು ಬದಿಗೆ ಗ್ರಾಫೈಟ್ ಹಾಕುತ್ತಾರೆ. ಗ್ರಾಫೈಟ್ ಬದಲು ಸಿಲಿಕಾನ್ ಹಾಕಿದರೆ ತುಂಬ ಜಾಸ್ತಿ ಲಿಥಿಯಂ ಹಿಡಿಯುತ್ತದೆ ಅಂತ ವಿಜ್ಞಾನಿಗಳಿಗೆ ಎಷ್ಟೋ ವರ್ಷದಿಂದ ಗೊತ್ತು. ಮತ್ತೆ ಯಾಕೆ ಹಾಕಲಿಲ್ಲ? ಚಾರ್ಜ್ ಆಗುವಾಗ ಸಿಲಿಕಾನ್ ಊದಿಕೊಳ್ಳುತ್ತದೆ, ಅದೂ ಮೂರು ನಾಲ್ಕು ಪಟ್ಟು. ಇಳಿಯುವಾಗ ಕುಗ್ಗುತ್ತದೆ. ದಿನಾ ಹೀಗೆ ಊದಿ ಕುಗ್ಗಿದರೆ ಒಳಗೆ ಬಿರುಕು ಬಿಟ್ಟು ಪುಡಿಯಾಗುತ್ತದೆ. ಗ್ರಾಫೈಟ್ ಊದುವುದು ನೂರಕ್ಕೆ ಹತ್ತರಷ್ಟು ಮಾತ್ರ. ಸಿಲಿಕಾನನ್ನು ಕಾರ್ಬನ್ ಜೊತೆ ಸೇರಿಸಿ, ಊದಲು ಒಳಗೇ ಜಾಗ ಬಿಟ್ಟು, ಆ ಪೆಟ್ಟು ತಡೆಯುವಂತೆ ಮಾಡಲು ವರ್ಷಗಟ್ಟಲೆ ಹಿಡಿಯಿತು. 2023ರಲ್ಲಿ ಆನರ್ ಕಂಪನಿ ಮ್ಯಾಜಿಕ್5 ಪ್ರೋ ಫೋನಿನ ಚೀನಾ ಮಾಡೆಲ್‌ಗೆ ಇಂಥ ಬ್ಯಾಟರಿ ಹಾಕಿತು. 2025ರ ಹೊತ್ತಿಗೆ 7000 ಎಂಎಎಚ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಬ್ಯಾಟರಿಯ ಫೋನ್‌ಗಳು ನಮ್ಮ ಊರಿನ ಅಂಗಡಿಗೂ ಬಂದವು. ತಯಾರಾದ ಎರಡೇ ವರ್ಷದಲ್ಲಿ ಉಡುಪಿಯ ಶೋಕೇಸಿಗೆ ಬಂದ ವಸ್ತುವನ್ನು ಬಚ್ಚಿಟ್ಟರು ಅನ್ನುವುದು ಹೇಗೆ?

"ಹಾಗಾದರೆ ಸ್ಯಾಮ್‌ಸಂಗ್ ಅಲ್ಟ್ರಾ ಫೋನು ಯಾಕೆ 2020ರ ಎಸ್20ಯಿಂದ 2025ರ ಎಸ್25 ತನಕ 5000 ಎಂಎಎಚ್‌ನಲ್ಲೇ ಕೂತಿತ್ತು?" ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ಈ ಪ್ರಶ್ನೆ ನನಗೆ ತುಂಬ ಖುಷಿ ಕೊಟ್ಟಿತು. ಲೆಕ್ಕ ಮಾಡಿ ನೋಡಿ. 5000 ಎಂಎಎಚ್ ಅಂದರೆ 5 ಆಂಪಿಯರ್-ಅವರ್. ಅದನ್ನು ಸುಮಾರು 3.85 ವೋಲ್ಟ್‌ನಿಂದ ಗುಣಿಸಿದರೆ 19.25 ವ್ಯಾಟ್-ಅವರ್, ಅದು ಬ್ಯಾಟರಿಯಲ್ಲಿ ಹಿಡಿಯುವ ಶಕ್ತಿಯ ಲೆಕ್ಕ. ಲಿಥಿಯಂ ಬ್ಯಾಟರಿ ಸಾಗಿಸುವ ಅಂತರರಾಷ್ಟ್ರೀಯ ನಿಯಮದಲ್ಲಿ ಒಂದು ಸೆಲ್ (ಬ್ಯಾಟರಿಯೊಳಗಿನ ಒಂದು ಘಟಕ) 20 ವ್ಯಾಟ್-ಅವರ್ ಒಳಗಿದ್ದರೆ ಸಡಿಲಿಕೆ ಇದೆ, ದಾಟಿದರೆ ಅಪಾಯಕಾರಿ ಸರಕಿನ ಪೂರ್ತಿ ನಿಯಮ ಬೀಳುತ್ತದೆ. ಎರಡು ಸೆಲ್ ಹಾಕಿ ಈ ಮಿತಿಯನ್ನು ದಾಟುವ ಕಂಪನಿಗಳಿವೆ, ಆದರೆ ಅದಕ್ಕೆ ಫೋನಿನೊಳಗೆ ಜಾಗ ಬೇಕು. ಅದರ ಮೇಲೆ, ನೋಟ್ 7ರ ಪಾಡು ಪಟ್ಟ ಕಂಪನಿ ಬ್ಯಾಟರಿಯ ವಿಷಯದಲ್ಲಿ ಎಲ್ಲರಿಗಿಂತ ಕೊನೆಗೆ ಹೆಜ್ಜೆ ಇಟ್ಟರೆ ನನಗೇನೂ ಆಶ್ಚರ್ಯ ಇಲ್ಲ. ಇದನ್ನು ಅತಿಯಾದ ಹೆದರಿಕೆ ಅನ್ನಿ, ಒಪ್ಪುತ್ತೇನೆ.

ನಿಜವಾಗಿ ಬಚ್ಚಿಟ್ಟವರಿಗೆ ಏನಾಯ್ತು ಗೊತ್ತಾ? 1975ರಲ್ಲಿ ಕೊಡ್ಯಾಕ್ ಕಂಪನಿಯ ಇಂಜಿನಿಯರ್ ಸ್ಟೀವನ್ ಸ್ಯಾಸನ್ ಒಂದು ಡಿಜಿಟಲ್ ಕ್ಯಾಮೆರಾ ಮಾಡಿದರು. 0.01 ಮೆಗಾಪಿಕ್ಸೆಲ್, ಕಪ್ಪು ಬಿಳುಪು, ಒಂದು ಚಿತ್ರ ಕ್ಯಾಸೆಟ್ ಟೇಪಿನಲ್ಲಿ ಕೂರಲು 23 ಸೆಕೆಂಡ್. ಅವತ್ತು ಅದನ್ನು ಮಾರಲು ಸಾಧ್ಯವೇ ಇರಲಿಲ್ಲ. ಮುಂದೆ ಸಾಧ್ಯವಾಗುವ ಕಾಲ ಬಂದಾಗಲೂ ಫಿಲ್ಮ್ ರೋಲಿನ ಲಾಭ ಬಿಡಲಾರದೆ ಕೊಡ್ಯಾಕ್ ಹಿಂದೆ ಮುಂದೆ ನೋಡಿತು. ಬೇರೆಯವರು ನುಗ್ಗಿದರು. 2012ರ ಜನವರಿಯಲ್ಲಿ ಕೊಡ್ಯಾಕ್ ದಿವಾಳಿ ಅರ್ಜಿ ಹಾಕಿತು. ಸ್ಯಾಮ್‌ಸಂಗ್, ಶವೋಮಿ, ವಿವೋ, ಒಪ್ಪೋ, ಆಪಲ್ ಎಲ್ಲ ಒಂದೇ ಗಿರಾಕಿಗಾಗಿ ಕಿತ್ತಾಡುವ ಈ ಪೇಟೆಯಲ್ಲಿ ಒಬ್ಬ ಬಚ್ಚಿಟ್ಟರೆ ಇನ್ನೊಬ್ಬ ನಾಳೆ ತರುತ್ತಾನೆ.

ಈ ನಂಬಿಕೆ ಪೂರ್ತಿ ಗಾಳಿಯಲ್ಲಿ ಹುಟ್ಟಿದ್ದೂ ಅಲ್ಲ, ಅದನ್ನೂ ಹೇಳಬೇಕು. ಆಪಲ್ 120 ಹರ್ಟ್ಸ್ (ಸೆಕೆಂಡಿಗೆ 120 ಸಲ ಚಿತ್ರ ಬದಲಾಗಿ ನುಣುಪಾಗಿ ಓಡುವ) ಸ್ಕ್ರೀನನ್ನು 2021ರಲ್ಲಿ ಐಫೋನ್ 13 ಪ್ರೋಗೆ ಕೊಟ್ಟಿತು, ಸಾದಾ ಐಫೋನಿಗೆ ಬರಲು 2025ರ ಐಫೋನ್ 17 ತನಕ ಕಾಯಬೇಕಾಯಿತು. ಅಷ್ಟರಲ್ಲಿ 15,000 ರೂಪಾಯಿಯ ಆಂಡ್ರಾಯ್ಡ್ ಫೋನಿನಲ್ಲೂ ಅದು ಬಂದಿತ್ತು. ಇದು ಖಂಡಿತ ಬೇಕಂತಲೇ ಮಾಡಿದ್ದು, ದುಬಾರಿ ಮಾಡೆಲ್ ಓಡಲಿ ಅಂತ. ಹಳೆಯ ಬ್ಯಾಟರಿಯ ಐಫೋನ್‌ಗಳನ್ನು ಅಪ್‌ಡೇಟ್ ಮೂಲಕ ನಿಧಾನ ಮಾಡಿದ್ದನ್ನೂ ಆಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಫೋನ್ ದಿಢೀರ್ ಬಂದ್ ಆಗುವುದನ್ನು ತಪ್ಪಿಸಲು ಹಾಗೆ ಮಾಡಿದೆವು ಅಂದರು. ಗಿರಾಕಿಗಳಿಗೆ ಹೇಳದೆ ಮಾಡಿದ್ದಕ್ಕೆ ಫ್ರಾನ್ಸ್ 2020ರಲ್ಲಿ 2.5 ಕೋಟಿ ಯೂರೋ ದಂಡ ಹಾಕಿತು. ನಮಗೆ ಸಿಟ್ಟು ಬರಬೇಕಾದ್ದು ಇಂಥದ್ದಕ್ಕೆ, ಮತ್ತು ನನಗೆ ಬಂದಿದೆ. ಆದರೆ ಇಲ್ಲಿ ಯಾವ ತಂತ್ರಜ್ಞಾನವೂ ಕಪಾಟಿನಲ್ಲಿ ಇರಲಿಲ್ಲ. 120 ಹರ್ಟ್ಸ್ ಪಕ್ಕದ ಅಂಗಡಿಯಲ್ಲೇ ಸಿಗುತ್ತಿತ್ತು.

ಕಂಪನಿಗಳು ಬಾಯಿ ಮುಚ್ಚಿಕೊಂಡಿರುವುದನ್ನು ನೋಡಿಯೂ ಜನ "ಏನೋ ಅಡಗಿಸಿದ್ದಾರೆ" ಅಂದುಕೊಳ್ಳುತ್ತಾರೆ. ಅವರು ಅಡಗಿಸುವುದು ಸುದ್ದಿಯನ್ನು. ಮುಂದಿನ ಮಾಡೆಲ್ ಬಗ್ಗೆ ಈಗಲೇ ಹೇಳಿದರೆ ಇವತ್ತಿನ ಮಾಡೆಲ್ ಯಾರು ತಗೊಳ್ಳುತ್ತಾರೆ? 1983ರಲ್ಲಿ ಆಸ್ಬೋರ್ನ್ ಎಂಬ ಕಂಪ್ಯೂಟರ್ ಕಂಪನಿ ಮುಂದಿನ ಯಂತ್ರಗಳ ಬಗ್ಗೆ ಮೊದಲೇ ಮಾತಾಡಿತು. ಅಂಗಡಿಯವರು ಇದ್ದ ಆರ್ಡರ್ ನಿಲ್ಲಿಸಿದರು, ಅದೇ ವರ್ಷ ಕಂಪನಿ ಮುಳುಗಿತು. ಅದೊಂದೇ ಕಾರಣ ಅಲ್ಲ ಅನ್ನುವವರೂ ಇದ್ದಾರೆ. ಆದರೂ ಆ ಹೆದರಿಕೆ ಇವತ್ತಿಗೂ ಎಲ್ಲ ಕಂಪನಿಗಳಿಗೂ ಇದೆ.

ಮತ್ತೆ ಯಾಕೆ ಪ್ರತಿ ಸಲ ಹೊಸ ಫೋನ್ ನೋಡಿ "ಇಷ್ಟೇನಾ" ಅನ್ನಿಸುತ್ತದೆ? ಲಾಂಚ್ ಆಗುವ ಹೊತ್ತಿಗೆ ಅದರ ಬಣ್ಣ, ಕ್ಯಾಮೆರಾ, ಕವರ್ ತನಕ ಎಲ್ಲ ಲೀಕ್ ಆಗಿರುತ್ತದೆ, ಲೀಕ್ ಆಗದ್ದನ್ನು ಯೂಟ್ಯೂಬಿನವರು ಕಲ್ಪಿಸಿ ಸೇರಿಸಿರುತ್ತಾರೆ, ನಾವು ಆ ಕಲ್ಪನೆಗೆ ಹೋಲಿಸಿ ನಿರಾಸೆಪಡುತ್ತೇವೆ. ಹೋಲಿಸಬೇಕಾದ್ದು ನಿಮ್ಮ ಕೈಯಲ್ಲಿರುವ ಫೋನಿಗೆ. ಪ್ರಶ್ನೆ ಕೇಳಿದವರ ಫೋನಿಗೆ ನಾಲ್ಕು ವರ್ಷ. ಅವರಿಗೆ ಈ ಸಲದ ಯಾವ ಫೋನ್ ತಗೊಂಡರೂ ಬದಲಾವಣೆ ಚೆನ್ನಾಗಿ ಕಾಣುತ್ತದೆ. ಕಳೆದ ವರ್ಷದ ಮಾಡೆಲ್ ತಗೊಂಡರೂ ಕಾಣುತ್ತದೆ.

ಎರಡು ವರ್ಷ ಕಾದು "ಮುಂದಿನದ್ದನ್ನು" ತಗೊಳ್ಳುವ ಲೆಕ್ಕವೂ ಬೇಡ. ಮುಂದಿನದ್ದರ ಲೆಕ್ಕ ಹಾಕಿದವರಿಗೆ ಏನಾಯ್ತು ನೋಡಿ. 2020ರಲ್ಲಿ 5ಜಿ ಫೋನ್ ಅಂತ ಜಾಸ್ತಿ ದುಡ್ಡು ಕೊಟ್ಟವರು ಎಷ್ಟೋ ಜನ. ನಮ್ಮ ದೇಶದಲ್ಲಿ 5ಜಿ ಶುರುವಾದದ್ದು 2022ರ ಅಕ್ಟೋಬರ್ 1ಕ್ಕೆ. ಐಫೋನ್ 12 ಇದ್ದವರಿಗೆ ಅದನ್ನು ಬಳಸುವ ಅಪ್‌ಡೇಟ್ ಬಂದದ್ದು ಆ ಡಿಸೆಂಬರ್‌ನಲ್ಲಿ. ನಾಳೆ ಏನು ಬೇಕಾಗಬಹುದು ಅನ್ನುವ ಊಹೆಗೆ ಇವತ್ತೇ ಹಣ ಹಾಕಬೇಡಿ. ಮುಂದಿನ ವರ್ಷಗಳಿಗೆ ಬೇಕಾದ ಒಂದೇ ವಿಷಯ ಅಪ್‌ಡೇಟ್, ಅದನ್ನು ಮಾತ್ರ ಕೇಳಿ. ಪಿಕ್ಸೆಲ್ 8ರಿಂದ ಗೂಗಲ್, ಎಸ್24ರಿಂದ ಸ್ಯಾಮ್‌ಸಂಗ್ 7 ವರ್ಷದ ಮಾತು ಕೊಟ್ಟಿವೆ.

ಇನ್ನೊಂದು ವಿಷಯ. ಇದನ್ನು ಯಾರೂ ನೇರ ಕೇಳಲಿಲ್ಲ, ಆದರೆ ನಮ್ಮ ಕರಾವಳಿಯಲ್ಲಿ "ಕಾಯುವುದಾ" ಅಂದರೆ ಅರ್ಧ ಜನರಿಗೆ "ಅಣ್ಣ ದುಬೈಯಿಂದ ಬರುವ ತನಕ ಕಾಯುವುದಾ" ಅಂತಲೇ ಅರ್ಥ. ಹಿಂದೆ ಇದರಲ್ಲಿ ತಲೆಬಿಸಿ ಕಮ್ಮಿ ಇತ್ತು, ಹೆಚ್ಚೆಂದರೆ ಅಲ್ಲಿಯ ಚಾರ್ಜರಿನ ದಪ್ಪ ಮೂರು ಪಿನ್ ನಮ್ಮ ಪ್ಲಗ್ಗಿಗೆ ಕೂರುತ್ತಿರಲಿಲ್ಲ. ಈಗ ಹಾಗಿಲ್ಲ. ಯುಎಇ, ಸೌದಿ, ಕತಾರ್, ಕುವೈತ್, ಒಮಾನ್, ಬಹ್ರೇನ್‌ಗಳಲ್ಲಿ ಮಾರುವ ಐಫೋನ್ 17ರಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಇ-ಸಿಮ್ (ಫೋನಿನೊಳಗೇ ಇರುವ, ಕೈಯಲ್ಲಿ ತೆಗೆಯಲು ಬಾರದ ಸಿಮ್) ಮಾತ್ರ. ಭಾರತದಲ್ಲಿ ಮಾರುವ ಐಫೋನ್ 17ಕ್ಕೆ ಸಿಮ್ ಜಾಗ ಇದೆ. ಜಿಯೋ, ಏರ್‌ಟೆಲ್, ವಿಐಗಳಲ್ಲಿ ಇ-ಸಿಮ್ ಸಿಗುತ್ತದೆ, ಹಾಗಾಗಿ ಫೋನ್ ಕೆಲಸ ಮಾಡುತ್ತದೆ. ಆದರೆ ಬೆಳ್ತಂಗಡಿ ಕಡೆ ತೋಟದ ಮನೆಯಲ್ಲಿ ಒಂದೇ ಕಂಪನಿಯ ಸಿಗ್ನಲ್ ಸಿಗುವುದು, ಅಲ್ಲಿಗೆ ಹೋದಾಗ ಅಮ್ಮನ ಸಿಮ್ ತೆಗೆದು ಹಾಕುವುದು ಅನ್ನುವ ಅಭ್ಯಾಸ ಇದ್ದರೆ ಅದು ಇನ್ನು ನಡೆಯುವುದಿಲ್ಲ. ಫೋನ್ ಬಿದ್ದು ಹಾಳಾದಾಗ ಸಿಮ್ ತೆಗೆದು ಹಳೆಯ ಫೋನಿಗೆ ಹಾಕಿ ಓಟಿಪಿ ನೋಡುವುದೂ ಆಗುವುದಿಲ್ಲ. ಮನೆಯ ಹಿರಿಯರಿಗೆ ಕೊಡುವ ಫೋನಾದರೆ ಇಲ್ಲಿಯದ್ದನ್ನೇ ತಗೊಳ್ಳಿ ಅನ್ನುತ್ತೇನೆ.

ವಾರಂಟಿಯನ್ನೂ ಕೇಳಿಕೊಳ್ಳಿ. ಫೋನ್ ಮಾರಿದ ದೇಶಕ್ಕೆ ಮಾತ್ರ ವಾರಂಟಿ ಸೀಮಿತ ಮಾಡುವ ಹಕ್ಕನ್ನು ಆಪಲ್ ತನ್ನ ಷರತ್ತಿನಲ್ಲೇ ಇಟ್ಟುಕೊಂಡಿದೆ, ಉಳಿದ ಕಂಪನಿಗಳದ್ದು ಬೇರೆ ಬೇರೆ. ಅಣ್ಣನಿಗೆ ದುಡ್ಡು ಕಳಿಸುವ ಮೊದಲು ಮಾಡೆಲ್ ನಂಬರ್ ಕೇಳಿ, ಅದನ್ನು ಹಿಡಿದುಕೊಂಡು ಇಲ್ಲಿಯ ಸರ್ವಿಸ್ ಸೆಂಟರಿನಲ್ಲಿ ಒಮ್ಮೆ ವಿಚಾರಿಸಿ. ಅಂಗಡಿಯ ಬಿಲ್ಲನ್ನು ಪೆಟ್ಟಿಗೆಯ ಜೊತೆಗೇ ಕಳಿಸಲು ಹೇಳಿ, ವಾಟ್ಸಾಪಿನ ಫೋಟೋ ಸಾಕು ಅನ್ನಬೇಡಿ.