ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ: ಅಧ್ಯಾಪಕರ ಹೊಣೆ ಎಲ್ಲಿಯವರೆಗೆ?

ಜೀವಿತಾವಧಿಯಲ್ಲಿ ಕಾಣಿಸಿಕೊಳ್ಳುವ ಮಾನಸಿಕ ಕಾಯಿಲೆಗಳಲ್ಲಿ ಸುಮಾರು ಮುಕ್ಕಾಲು ಪಾಲು 24ನೆಯ ವಯಸ್ಸಿನೊಳಗೆ ಆರಂಭವಾಗುತ್ತವೆ ಎಂದು 2005ರಲ್ಲಿ ಪ್ರಕಟವಾದ ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯೊಂದು ಅಂದಾಜು ಮಾಡಿತು. ವಿಶ್ವವಿದ್ಯಾಲಯದ ಓದು ಬಹುಮಟ್ಟಿಗೆ ಇದೇ ವಯಸ್ಸಿನಲ್ಲಿ ನಡೆಯುತ್ತದೆ. ಆದ್ದರಿಂದ ಈ ವಿಷಯವನ್ನು ಆಪ್ತಸಮಾಲೋಚಕರಿಗೆ ಬಿಟ್ಟು ಅಧ್ಯಾಪಕರು ದೂರ ನಿಲ್ಲುವಂತಿಲ್ಲ. ಹಾಗೆಂದು ಅಧ್ಯಾಪಕರೇ ಚಿಕಿತ್ಸಕರಾಗಬೇಕೆಂದೂ ಅಲ್ಲ.

ಸಮಾಲೋಚಕರ ಬಳಿಗೆ ವಿದ್ಯಾರ್ಥಿ ತಾನಾಗಿ ಹೋಗಬೇಕು, ಆದರೆ ಅಧ್ಯಾಪಕರು ಅವನನ್ನು ವಾರವಾರವೂ ಕಾಣುತ್ತಾರೆ. ಚೆನ್ನಾಗಿ ಬರೆಯುತ್ತಿದ್ದವಳು ಇದ್ದಕ್ಕಿದ್ದಂತೆ ನಿಯೋಜಿತ ಕಾರ್ಯ ಒಪ್ಪಿಸದಿರುವುದು, ಹಾಜರಿ ಕುಸಿಯುವುದು, ಗೆಳೆಯರಿಂದ ದೂರ ಸರಿಯುವುದು ಇವುಗಳಲ್ಲಿ ಯಾವುದೊಂದೂ ರೋಗನಿರ್ಣಯವಲ್ಲ. ಗಮನಿಸಬೇಕಾದದ್ದು ಆ ವ್ಯಕ್ತಿಯ ಎಂದಿನ ರೀತಿಯಲ್ಲಾದ ಬದಲಾವಣೆಯನ್ನು. ಆಗ ಏಕಾಂತದಲ್ಲಿ ಕರೆದು, ಕಂಡದ್ದನ್ನಷ್ಟೇ ಹೇಳಿ, ಉಪದೇಶಕ್ಕಿಳಿಯದೆ ಕೇಳಿಸಿಕೊಳ್ಳಬೇಕು. ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿದರೆ ಆ ಯೋಚನೆಯನ್ನು ನಾವೇ ಬಿತ್ತಿದಂತಾಗುತ್ತದೆ ಎಂಬ ಭಯ ವ್ಯಾಪಕವಾಗಿದೆ. ಸಂಶೋಧನೆಗಳು ಇದನ್ನು ಸಮರ್ಥಿಸುವುದಿಲ್ಲ. ಅಪಾಯವಿದೆಯೆನಿಸಿದರೆ ವಿದ್ಯಾರ್ಥಿಯನ್ನು ಒಂಟಿಯಾಗಿ ಬಿಡದೆ ತಕ್ಷಣ ತಜ್ಞರ ನೆರವು ದೊರಕಿಸಬೇಕು. ಈ ಕಾರಣಕ್ಕೇ "ಯಾರಿಗೂ ಹೇಳುವುದಿಲ್ಲ" ಎಂಬ ಮಾತು ಕೊಡಬಾರದು, ಗೌಪ್ಯತೆಗೆ ಮಿತಿಯುಂಟೆಂಬುದನ್ನು ಮಾತುಕತೆಯ ಆರಂಭದಲ್ಲಿಯೇ ತಿಳಿಸಬೇಕು.

ಈ ವಿಷಯದ ಬರಹಗಳು ಹೆಚ್ಚಾಗಿ ಚರ್ಚಿಸದ ತೊಡಕೊಂದಿದೆ. ಅಂಕ ಕೊಡುವವರೂ ಸಂಕಟ ಕೇಳುವವರೂ ಒಬ್ಬರೇ ಆಗಿರುವಾಗ, ತನ್ನ ಕಷ್ಟ ಹೇಳಿಕೊಂಡರೆ ಅದು ಮೌಲ್ಯಮಾಪನದ ಮೇಲೆ ಪರಿಣಾಮ ಬೀರೀತೆಂದು ವಿದ್ಯಾರ್ಥಿ ಅಂಜುವುದು ಸಹಜ. ಗಡುವು ವಿಸ್ತರಣೆಯ ನಿಯಮ ಎಲ್ಲರಿಗೂ ಒಂದೇ ಆಗಿ, ಮೊದಲೇ ಪ್ರಕಟವಾಗಿದ್ದರೆ ಈ ಅಂಜಿಕೆ ಬಹಳಷ್ಟು ತಗ್ಗುತ್ತದೆ, ಏಕೆಂದರೆ ವಿದ್ಯಾರ್ಥಿ ತನ್ನ ಖಾಸಗಿ ನೋವನ್ನು ತೆರೆದಿಡದೆಯೇ ಸಮಯ ಕೇಳಬಹುದು.

ನನ್ನ ದೃಷ್ಟಿಯಲ್ಲಿ ಅಧ್ಯಾಪಕರ ಪ್ರಭಾವ ಹೆಚ್ಚಾಗಿರುವುದು ಇಂಥ ಬೋಧನಾ ವ್ಯವಸ್ಥೆಯಲ್ಲಿಯೇ. ಮೌಲ್ಯಮಾಪನದ ಮಾನದಂಡ ಸ್ಪಷ್ಟವಾಗಿರುವುದು, ಎಲ್ಲ ಪತ್ರಿಕೆಗಳ ಗಡುವುಗಳು ಒಂದೇ ವಾರಕ್ಕೆ ಬೀಳದಂತೆ ವಿಭಾಗದ ಅಧ್ಯಾಪಕರು ಕೂಡಿ ನಿರ್ಧರಿಸುವುದು, ತಪ್ಪನ್ನು ತಿದ್ದುವಾಗ ವ್ಯಕ್ತಿಯನ್ನು ಹಳಿಯದಿರುವುದು ಇವು ಸಂಕಷ್ಟವನ್ನು ಹೇಳಿಕೊಳ್ಳದವರಿಗೂ ತಲುಪುತ್ತವೆ.

ವಿದ್ಯಾರ್ಥಿಗಳ ಸಂಕಷ್ಟ ಗುರುತಿಸಿ ನೆರವಾಗಲು ಅಧ್ಯಾಪಕರಿಗೆ ಕೊಡುವ ತರಬೇತಿಯ ಕುರಿತು ಮಾತನಾಡುವಾಗ ಎಚ್ಚರವಿರಲಿ: ಅದು ಅಧ್ಯಾಪಕರ ತಿಳಿವನ್ನೂ ಆತ್ಮವಿಶ್ವಾಸವನ್ನೂ ಹೆಚ್ಚಿಸುತ್ತದೆಂಬುದಕ್ಕೆ ಇರುವಷ್ಟು ಗಟ್ಟಿ ಆಧಾರ, ಅದರಿಂದ ವಿದ್ಯಾರ್ಥಿಗಳ ಆರೋಗ್ಯವೇ ಸುಧಾರಿಸುತ್ತದೆಂಬುದಕ್ಕೆ ಇಲ್ಲ.