ಎಚ್‌ಎಸ್‌ಆರ್‌ಪಿ ಟ್ರ್ಯಾಕಿಂಗ್: 120ರಲ್ಲಿ 10 ಕಳೆದರೆ ಸಾಲದು

ಎರಡು ಸ್ವಿಚ್‌ಗಳು ಒಂದೇ ಗೇಟ್‌ವೇ (ಹೊರಗಿನ ನೆಟ್‌ವರ್ಕಿಗೆ ಹೋಗುವ ಬಾಗಿಲು) ವಿಳಾಸ ಹಂಚಿಕೊಂಡು, ಒಂದು ಕೆಟ್ಟರೆ ಇನ್ನೊಂದು ಕೆಲಸ ವಹಿಸಿಕೊಳ್ಳುವಂತೆ ಮಾಡುವ ಸಿಸ್ಕೋ ಪ್ರೋಟೋಕಾಲ್ ಎಚ್‌ಎಸ್‌ಆರ್‌ಪಿ. ನಿನ್ನೆ ರಾತ್ರಿ ಲ್ಯಾಬಿನಲ್ಲಿ ಎರಡು ಗಂಟೆ ಇದೊಂದಕ್ಕೇ ಹೋಯಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಒಂದು ಕೆಟ್ಟರೂ ನೆಟ್‌ವರ್ಕ್ ನಿಲ್ಲಬಾರದು ಅಂತ ಎಲ್ಲವನ್ನೂ ಎರಡೆರಡು ಇಡುತ್ತೇವೆ: ಸ್ವಿಚ್ಚಿಗೆ ಎರಡು ಪವರ್ ಸಪ್ಲೈ, ಎರಡಕ್ಕೂ ಬೇರೆ ಬೇರೆ ಯುಪಿಎಸ್ ಲೈನ್, ಎರಡು ಕೇಬಲ್ ಸೇರಿಸಿ ಒಂದು ಈಥರ್‌ಚಾನೆಲ್. ಇವೆಲ್ಲ ಓದಿದ ತಕ್ಷಣ ಗೊತ್ತಾಗುತ್ತವೆ. ತೊಡಕಾಗಿದ್ದು ಗೇಟ್‌ವೇ ಹತ್ತಿರ.

ಪಿಸಿಗೆ ಗೇಟ್‌ವೇ ವಿಳಾಸ ಒಂದೇ, 10.1.1.1. ಅದು ಎ (10.1.1.2), ಬಿ (10.1.1.3) ಎಂಬ ಎರಡು ಸಿಸ್ಕೋ ಲೇಯರ್ 3 (ರೂಟಿಂಗ್ ಕೂಡ ಮಾಡುವ) ಸ್ವಿಚ್‌ಗಳು ಹಂಚಿಕೊಂಡ ವಿಳಾಸ. ಪ್ರಯಾರಿಟಿ ಎಗೆ 120, ಬಿಗೆ ಡಿಫಾಲ್ಟ್ 100. ದೊಡ್ಡ ಸಂಖ್ಯೆ ಗೆಲ್ಲುತ್ತದೆ, ಹಾಗಾಗಿ ಎ ಆಕ್ಟಿವ್, ಬಿ ಸ್ಟ್ಯಾಂಡ್‌ಬೈ. 3 ಸೆಕೆಂಡಿಗೊಂದು ಹಲೋ ('ನಾನಿದ್ದೇನೆ' ಎನ್ನುವ ಸಂದೇಶ) ಹೋಗುತ್ತದೆ. 10 ಸೆಕೆಂಡ್ ಎಯಿಂದ ಸದ್ದಿಲ್ಲದಿದ್ದರೆ ಬಿ ಕೆಲಸ ವಹಿಸಿಕೊಳ್ಳುತ್ತದೆ. ಎಯ ಪವರ್ ಕಿತ್ತು ನೋಡಿದೆ, ಪಿಂಗ್ ಸ್ವಲ್ಪ ನಿಂತು ಮತ್ತೆ ಶುರುವಾಯಿತು. ಸರಿ.

ಆಮೇಲೆ ಪವರ್ ಬಿಟ್ಟು ಎಯ ಅಪ್‌ಲಿಂಕ್ (ಹೊರಗೆ ಹೋಗುವ ಕೇಬಲ್) ಮಾತ್ರ ಕಿತ್ತೆ. ಪಿಂಗ್ ನಿಂತಿತು, ಮತ್ತೆ ಬರಲೇ ಇಲ್ಲ. ಪಿಸಿಯಲ್ಲಿ 'ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್' ಎಂದು ಸಾಲು ಸಾಲಾಗಿ ಬರುತ್ತಿತ್ತು, ಉತ್ತರ ಕೊಡುತ್ತಿದ್ದದ್ದು 10.1.1.2. ಅಂದರೆ ಎ ಇನ್ನೂ ಆಕ್ಟಿವ್! ಯಾಕೆಂದರೆ ಹಲೋ ಓಡಾಡುವುದು ಪಿಸಿಗಳಿರುವ ಒಳಗಿನ ನೆಟ್‌ವರ್ಕಿನಲ್ಲಿ, ಅಂದರೆ ವಿಎಲ್‌ಎಎನ್‌ನಲ್ಲಿ, ಅಲ್ಲಿ ಯಾವ ಕೇಬಲ್ಲೂ ಕಿತ್ತಿಲ್ಲ. ಎಗೆ ಹೊರಗಿನ ದಾರಿಯೇ ಇಲ್ಲ ಅನ್ನೋದು ಬಿಗೆ ಗೊತ್ತಾಗುವುದಾದರೂ ಹೇಗೆ?

ಅದಕ್ಕೇ ಟ್ರ್ಯಾಕಿಂಗ್. ಅಪ್‌ಲಿಂಕ್ ಬಿದ್ದರೆ ಎ ತನ್ನ ಪ್ರಯಾರಿಟಿ ತಾನೇ ಇಳಿಸಿಕೊಳ್ಳುತ್ತದೆ. ಹಾಕಿದೆ, ಆದರೂ ಆಗಲಿಲ್ಲ. ಪೆನ್ನು ಹಿಡಿದು ಲೆಕ್ಕ ಹಾಕಿದಾಗ ಹೊಳೆಯಿತು: ಡಿಫಾಲ್ಟ್ ಕಡಿತ ಬರೀ 10. 120ರಲ್ಲಿ 10 ಹೋದರೆ 110, ಬಿಯ 100ಕ್ಕಿಂತ ಅದು ಇನ್ನೂ ಜಾಸ್ತಿಯೇ ಅಲ್ವಾ? ಕಡಿತವನ್ನು 30 ಮಾಡಿದೆ. ಎ 90ಕ್ಕೆ ಇಳಿಯಿತು. ಆದರೂ ಬಿ ಸುಮ್ನೆ ಕೂತಿತ್ತು.

ಇಲ್ಲೇ ನಾನು ಜಾಸ್ತಿ ಹೊತ್ತು ಸಿಕ್ಕಿಕೊಂಡಿದ್ದು. ಪ್ರಿಯೆಂಪ್ಟ್ ಅಂದರೆ ಕೆಟ್ಟು ರಿಪೇರಿಯಾಗಿ ಬಂದ ಸ್ವಿಚ್ ತನ್ನ ಜಾಗ ವಾಪಸ್ ಪಡೆಯುವುದಕ್ಕೆ ಮಾತ್ರ ಅಂದುಕೊಂಡು, ಅದನ್ನು ಎಯಲ್ಲಷ್ಟೇ ಹಾಕಿದ್ದೆ. ಆದರೆ ಇಲ್ಲಿ ಎ ಸತ್ತಿಲ್ಲ, 90 ಎಂದು ಹೇಳುತ್ತಲೇ ಹಲೋ ಕಳಿಸುತ್ತಿದೆ. ಬದುಕಿರುವ ಆಕ್ಟಿವ್ ಕೈಯಿಂದ ಕೆಲಸ ಕಿತ್ತುಕೊಳ್ಳಲು ಬಿಗೂ ಪ್ರಿಯೆಂಪ್ಟ್ ಬೇಕು, ಮತ್ತು ಎಚ್‌ಎಸ್‌ಆರ್‌ಪಿಯಲ್ಲಿ ಅದು ತಾನಾಗಿ ಆನ್ ಇರುವುದಿಲ್ಲ. (ವಿಆರ್‌ಆರ್‌ಪಿಯಲ್ಲಿ, ಅಂದರೆ ಇದೇ ಕೆಲಸ ಮಾಡುವ ಇನ್ನೊಂದು ಪ್ರೋಟೋಕಾಲಿನಲ್ಲಿ, ಇರುತ್ತದೆ. ಅದನ್ನು ಮೊದಲು ಕಲಿತವರು ಇಲ್ಲಿ ಹುಷಾರು.) ಬಿಯಲ್ಲಿ 'ಸ್ಟ್ಯಾಂಡ್‌ಬೈ 1 ಪ್ರಿಯೆಂಪ್ಟ್' ಎಂದು ಒಂದು ಸಾಲು ಹೊಡೆದೆ, ಪಿಂಗ್ ಬಂತು.

ಸ್ಪ್ಯಾನಿಂಗ್ ಟ್ರೀ (ಸ್ವಿಚ್‌ಗಳ ನಡುವೆ ಲೂಪ್ ಆಗದಂತೆ ತಡೆಯುವ ಪ್ರೋಟೋಕಾಲ್) ರೂಟ್ ಕೂಡ ಎಯಲ್ಲೇ ಇಡಿ, ಇಲ್ಲದಿದ್ದರೆ ಟ್ರಾಫಿಕ್ ಸುಮ್ಮನೆ ಬಿ ಸುತ್ತಿ ಬರುತ್ತದೆ. ಸ್ಪ್ಯಾನಿಂಗ್ ಟ್ರೀಯಲ್ಲಿ ಚಿಕ್ಕ ಪ್ರಯಾರಿಟಿ ಸಂಖ್ಯೆ ಗೆಲ್ಲುತ್ತದೆ, ಎಚ್‌ಎಸ್‌ಆರ್‌ಪಿಯಲ್ಲಿ ದೊಡ್ಡದು.

ಎ ರೀಬೂಟ್ ಆಗಿ ಬಂದ ಕೂಡಲೇ ಆಕ್ಟಿವ್ ಆಗಲು ಬಿಡಬೇಡಿ. ಓಎಸ್‌ಪಿಎಫ್ (ಹೊರಗಿನ ದಾರಿಗಳನ್ನು ಕಲಿಸುವ ರೂಟಿಂಗ್ ಪ್ರೋಟೋಕಾಲ್) ಇನ್ನೂ ರೂಟ್ ಕಲಿತಿರುವುದಿಲ್ಲ, ಮತ್ತೆ ಪಿಂಗ್ ಬೀಳುತ್ತದೆ. ನಾನು ಎಯಲ್ಲಿ 'ಪ್ರಿಯೆಂಪ್ಟ್ ಡಿಲೇ ಮಿನಿಮಮ್ 60' ಹಾಕಿದ್ದೇನೆ, ಅಂದರೆ 60 ಸೆಕೆಂಡ್ ಕಾದು ಆಮೇಲಷ್ಟೇ ಎ ಜಾಗ ವಾಪಸ್ ಪಡೆಯುತ್ತದೆ.